ನಿಮ್ಮ ಪ್ರಾಮಾಣಿಕ ಶಾಸಕನಿಗೆ ಒಂದು ಸಭೆ ನಡೆಸಲು ಬಿಡಿ: ಧಾರಾವಾಹಿ ಮಾಡುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ಕಿರುತೆರೆಗೆ ಕಥೆ, ಸಂಭಾಷಣೆ ಬರೆಯುವವರಿಗೆ, ನಿರ್ದೇಶಕರಿಗೆ ಮತ್ತು ವಾಹಿನಿಗಳ ಮುಖ್ಯಸ್ಥರಿಗೆ,

ಮಾನ್ಯರೇ, ನಮಸ್ಕಾರ.

ನಾನು ಗ್ರಾಮ ಪಂಚಾಯಿತಿಯೊಂದರ ಮಾಜಿ ಸದಸ್ಯೆ. ಒಂದು ಅವಧಿಗೆ ಗೆದ್ದಿದ್ದೆ, ಅದರಲ್ಲಿ ಸ್ವಲ್ಪ ಕಾಲ ಅಧ್ಯಕ್ಷೆಯೂ ಆಗಿದ್ದೆ. ಧಾರಾವಾಹಿ ನೋಡುವುದು ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಧಾರಾವಾಹಿ ಅಂದ ಕೂಡಲೇ ಮೂಗು ಮುರಿಯುವವರು ಬರೆಯುವ ಪತ್ರಗಳನ್ನು ನೀವು ಓದದೆ ಪಕ್ಕಕ್ಕಿಡುತ್ತೀರಿ. ಇಡಲೇಬೇಕು ಕೂಡ. ನಾನು ನಿಮ್ಮ ಪ್ರೇಕ್ಷಕಿ. ದೂರು ಕೊಡುವ ಹಕ್ಕು ನನಗೆ ಜಾಸ್ತಿ ಇದೆ ಅಂದುಕೊಂಡಿದ್ದೇನೆ.

ನನ್ನ ದೂರು ನಿಮ್ಮ ಒಳ್ಳೆಯ ರಾಜಕಾರಣಿಯ ಮೇಲೆ. ಕೆಟ್ಟವರನ್ನು ನೀವು ಹೇಗೆ ಬೇಕಾದರೂ ತೋರಿಸಿಕೊಳ್ಳಿ, ಅವರ ಪರ ಮಾತಾಡಲು ಬೇಕಾದಷ್ಟು ಜನ ಇದ್ದಾರೆ.

ಯಾವ ಧಾರಾವಾಹಿ ಅಂತ ಹೆಸರು ಹೇಳುವುದಿಲ್ಲ. ಈ ಮನುಷ್ಯ ಒಂದೇ ಧಾರಾವಾಹಿಯಲ್ಲಿ ಇಲ್ಲ, ವಾಹಿನಿ ಬದಲಿಸಿದರೆ ಅಲ್ಲೂ ಸಿಗುತ್ತಾನೆ. ಓದಿದ ಹುಡುಗ. ಊರಿಗೆ ಬರುತ್ತಾನೆ, ಅನ್ಯಾಯ ನೋಡುತ್ತಾನೆ, ಚುನಾವಣೆಗೆ ನಿಲ್ಲುತ್ತಾನೆ, ಎರಡೇ ಕಂತಿನಲ್ಲಿ ಗೆದ್ದೂ ಬಿಡುತ್ತಾನೆ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ದಿಢೀರ್ ಭೇಟಿ. ಡಾಕ್ಟರ್ ಇಲ್ಲ. ಕ್ಯಾಮೆರಾ ನಾಯಕನ ಮುಖಕ್ಕೆ ಮೂರು ಸಲ ಹತ್ತಿರ ಬರುತ್ತದೆ. "ಈಗಿಂದೀಗಲೇ ಸಸ್ಪೆಂಡ್!" ಹಿಂದಿನಿಂದ ತಮಟೆ. ಗೇಟಿನ ಹತ್ತಿರ ನಿಂತ ಮುದುಕಿ ಕಣ್ಣು ಒರೆಸಿಕೊಳ್ಳುತ್ತಾಳೆ. ಮುಂದಿನ ಕಂತಿನಲ್ಲಿ ಇಂಜಿನಿಯರ್ ಒಬ್ಬನ ಕೆನ್ನೆಗೆ ಬೀಳುತ್ತದೆ. ಅದರ ಮುಂದಿನ ಕಂತಿನಲ್ಲಿ ಒಂದು ಫೋನ್, ಮಾರನೇ ದಿನ ರಸ್ತೆಗೆ ಜಲ್ಲಿ.

ನೋಡುವಾಗ ನನಗೂ ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಇಷ್ಟು ಕಂತುಗಳಲ್ಲಿ ಈತ ಒಂದು ಸಭೆ ನಡೆಸಿದ್ದನ್ನು ನಾನು ನೋಡಿಲ್ಲ. ಒಂದು ಪ್ರಶ್ನೆ ಬರೆದು ಸದನಕ್ಕೆ ಕಳಿಸಿದ್ದನ್ನು ನೋಡಿಲ್ಲ. ಬಜೆಟ್ ಪುಸ್ತಕ ಬಿಡಿಸಿ ಕೂತಿದ್ದನ್ನು ನೋಡಿಲ್ಲ. ಒಂದು ವಿಷಯವನ್ನು ಮತಕ್ಕೆ ಹಾಕಿ ಸೋತಿದ್ದಂತೂ ಇಲ್ಲವೇ ಇಲ್ಲ. ಅವನ ಪ್ರಾಮಾಣಿಕತೆ ಪೂರ್ತಿ ಅವನ ಸಿಟ್ಟಿನಲ್ಲೇ ಇದೆ. ಸಿಟ್ಟು ತೆಗೆದರೆ ಅವನಿಗೆ ಮಾಡಲು ಕೆಲಸವೇ ಇಲ್ಲ.

"ಕಥೆ ತಾನೇ, ಸುಮ್ನೆ ನೋಡಿ ಬಿಡಿ" ಅಂತ ನೀವು ಹೇಳಬಹುದು. ಹಾಗೆ ಬಿಡಲು ಆಗದ ಕಾರಣ ಹೇಳುತ್ತೇನೆ.

ನಾನು ಅಧ್ಯಕ್ಷೆಯಾಗಿದ್ದಾಗ ಒಂದು ಗ್ರಾಮ ಸಭೆಯಲ್ಲಿ ಕುಡಿಯುವ ನೀರಿನ ಪೈಪಿನ ಮಾತು ಬಂತು. ಹೊಸ ಪೈಪ್ ಹಾಕಲು ಆ ವರ್ಷದ ಕ್ರಿಯಾ ಯೋಜನೆಯಲ್ಲಿ ದುಡ್ಡು ಇಟ್ಟಿದ್ದೆವು. ಅಂದಾಜು ಪಟ್ಟಿಗೆ ಇಂಜಿನಿಯರ್ ಸಹಿ ಆಗಬೇಕಿತ್ತು. ಅದನ್ನು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, "ಅದೆಲ್ಲ ಬಿಡಮ್ಮ, ಆ ಟಿವಿ ಎಮ್ಮೆಲ್ಲೆ ತರ ಈ ಪಿಡಿಒಗೆ ನಾಲ್ಕು ಬಿಗಿ. ನಾಳೆ ನೀರು ಬರುತ್ತೆ" ಅಂದರು. ಸಭೆಗೆ ಸಭೆಯೇ ನಕ್ಕಿತು. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕೂಡ ನಕ್ಕರು. ನಾನೂ ನಕ್ಕೆ. ಆದರೆ ಆ ಹಿರಿಯರು ತಮಾಷೆ ಮಾಡಿರಲಿಲ್ಲ. ಸಭೆ ಮುಗಿದ ಮೇಲೆ ಹತ್ತಿರ ಬಂದು, "ನಿನಗೆ ಧೈರ್ಯ ಸಾಲದು" ಅಂತ ಬೇಸರದಿಂದ ಹೇಳಿ ಹೋದರು.

ಅಂದಾಜು ಪಟ್ಟಿಗೆ ಸಹಿ ಆಗುವವರೆಗೆ ತಾಲೂಕು ಕಚೇರಿಗೆ ಅಲೆದಿದ್ದು ಧೈರ್ಯದ ಲೆಕ್ಕಕ್ಕೆ ಬರಲಿಲ್ಲ. ಬರುವುದೂ ಇಲ್ಲ, ಯಾಕೆಂದರೆ ಟಿವಿಯಲ್ಲಿ ಅದಕ್ಕೆ ತಮಟೆ ಬಾರಿಸುವವರಿಲ್ಲ.

ಇದು ನನ್ನೊಬ್ಬಳ ಬೇಸರವಾಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಈಗ ಊರೂರಿನಲ್ಲಿ ಮೊಬೈಲ್ ಹಿಡಿದವನನ್ನು ಜೊತೆಗೇ ಕರೆದುಕೊಂಡು ಹೋಗುವ ನಾಯಕರು ಹುಟ್ಟಿಕೊಂಡಿದ್ದಾರೆ. ಕಚೇರಿಗೆ ನುಗ್ಗುವುದು, ಅಲ್ಲಿ ಸಿಕ್ಕವರ ಚಳಿ ಬಿಡಿಸುವುದು, ಆ ವಿಡಿಯೊ ಸಂಜೆಯೊಳಗೆ ಎಲ್ಲರ ಫೋನಿಗೆ. ಸ್ವಲ್ಪ ಗಮನಿಸಿ ನೋಡಿ, ಈ ವಿಡಿಯೊಗಳಲ್ಲಿ ಬೈಸಿಕೊಳ್ಳುವವರು ಯಾರು? ನರ್ಸಮ್ಮ. ಲೈನ್‌ಮನ್. ನೀರುಗಂಟಿ. ಬಿಲ್ ಕಲೆಕ್ಟರ್. ಗುತ್ತಿಗೆಯ ಮೇಲೆ ಇರುವ ಡೇಟಾ ಎಂಟ್ರಿ ಹುಡುಗಿ. ಔಷಧಿ ಖರೀದಿಗೆ ತಡ ಮಾಡಿದವನು, ಖಾಲಿ ಹುದ್ದೆ ತುಂಬದೆ ಇಟ್ಟವನು, ಟ್ರಾನ್ಸ್‌ಫಾರ್ಮರ್ ಕೊಡದವನು ಆ ಕೋಣೆಯಲ್ಲಿ ಇರುವುದೇ ಇಲ್ಲ. ಅವರ ಹತ್ತಿರ ಹೋಗಬೇಕಾದರೆ ಕಾಗದ ಬೇಕು. ಕಾಗದದ ಹಿಂದೆ ಓಡಾಡಬೇಕು. ಅದು ವಿಡಿಯೊ ಆಗುವುದಿಲ್ಲ.

ಈ ನಾಯಕರು ನಡೆಯುವ ರೀತಿ, ಕೈ ತೋರಿಸುವ ರೀತಿ, ಮಾತು ನಿಲ್ಲಿಸಿ ಕನ್ನಡಕ ತೆಗೆಯುವ ರೀತಿ ನಿಮ್ಮ ನಾಯಕನದ್ದೇ. ನೀವು ಕಲಿಸಿದ್ದು ಅಂತ ಹೇಳಲಾರೆ. ಆದರೆ ಅವರಿಗೆ ಸಿದ್ಧ ಉಡುಪು ಹೊಲಿದು ಕೊಟ್ಟಿದ್ದು ನೀವೇ.

ಆ "ಈಗಿಂದೀಗಲೇ ಸಸ್ಪೆಂಡ್" ದೃಶ್ಯದ ಬಗ್ಗೆ ಎರಡು ಮಾತು. ಶಾಸಕನಿಗೆ ಯಾರನ್ನೂ ಅಮಾನತು ಮಾಡುವ ಅಧಿಕಾರವಿಲ್ಲ. ಆತ ತಾಲೂಕಿನ ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆಯ ಅಧ್ಯಕ್ಷತೆ ವಹಿಸಬಹುದು, ಅಧಿಕಾರಿಗಳಿಂದ ಉತ್ತರ ಕೇಳಬಹುದು, ಮಂತ್ರಿಗೆ ಬರೆಯಬಹುದು, ಸದನದಲ್ಲಿ ಎತ್ತಬಹುದು. ಅಮಾನತು ಯಾರು ಮಾಡಬೇಕು, ಹೇಗೆ ಮಾಡಬೇಕು ಅನ್ನುವುದಕ್ಕೆ ರಾಜ್ಯ ಸರ್ಕಾರಿ ನೌಕರರ 1957ರ ನಿಯಮಗಳಿವೆ. ನೌಕರನ ಮಾತು ಕೇಳದೆ, ವಿಚಾರಣೆ ಮಾಡದೆ ಸುಲಭವಾಗಿ ಮನೆಗೆ ಕಳಿಸದಂತೆ ಸಂವಿಧಾನದ 311ನೇ ವಿಧಿ ತಡೆಯುತ್ತದೆ. ನಿಯಮ ಬಿಟ್ಟು ಆದೇಶ ಮಾಡಿದರೆ ಆ ಅಧಿಕಾರಿ ಕೆಎಟಿಗೆ, ಅಂದರೆ ಆಡಳಿತ ನ್ಯಾಯಮಂಡಳಿಗೆ ಹೋಗುತ್ತಾನೆ. ತಡೆಯಾಜ್ಞೆ ತಂದು ಅದೇ ಕುರ್ಚಿಯಲ್ಲಿ ಬಂದು ಕೂರುತ್ತಾನೆ, ಈ ಸಲ ಇನ್ನೂ ಗಟ್ಟಿಯಾಗಿ. ಕಪಾಳಕ್ಕೆ ಹೊಡೆದರಂತೂ ಕೇಸು ಬೀಳುವುದು ನಾಯಕನ ಮೇಲೆಯೇ. ಹಿಂದೆ ಐಪಿಸಿ 353 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಇದೆ. ಕರ್ತವ್ಯದಲ್ಲಿರುವ ಸರ್ಕಾರಿ ನೌಕರನ ಮೇಲೆ ಕೈ ಮಾಡಿದರೆ ಜೈಲೂ ಆಗಬಹುದು.

ಇದರಲ್ಲಿ ಕಥೆ ಇಲ್ಲ ಅಂತೀರಾ? ತಡೆಯಾಜ್ಞೆ ತಂದ ಭ್ರಷ್ಟ ಅಧಿಕಾರಿ ಮಾರನೇ ದಿನ ನಗುತ್ತಾ ಬಂದು ನಾಯಕನಿಗೆ ನಮಸ್ಕಾರ ಹೊಡೆಯುವ ದೃಶ್ಯ ಬರೆದು ನೋಡಿ. ನಾಯಕ ಕಾನೂನು ಓದಿಕೊಂಡು ಎರಡನೇ ಸಲ ಸರಿಯಾಗಿ ಹಿಡಿಯುವುದನ್ನು ಬರೆಯಿರಿ. ಒಂದು ವಾರದ ಕಂತು ಅಲ್ಲೇ ಇದೆ.

ಭ್ರಷ್ಟಾಚಾರದ ವಿಷಯದಲ್ಲೂ ಅಷ್ಟೇ. ನಿಮ್ಮಲ್ಲಿ ಅದು ಯಾವಾಗಲೂ ಸೂಟ್‌ಕೇಸಿನಲ್ಲಿ ಬರುತ್ತದೆ. ರಾತ್ರಿ, ಫಾರ್ಮ್ ಹೌಸು, ಕಪ್ಪು ಕಾರು. ನಾನು ಕಂಡಿದ್ದು ನಾಲ್ಕೈದು ಖಾಲಿ ಗೆರೆಗಳಲ್ಲಿ ಇತ್ತು.

ಪಂಚಾಯಿತಿ ಸಾಮಾನ್ಯ ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಸಹಿಗೆ ಬರುತ್ತದೆ. ಯಾವ ವಿಷಯ ಚರ್ಚೆಯಾಯಿತು, ಏನು ನಿರ್ಣಯವಾಯಿತು ಅಂತ ಅದರಲ್ಲಿ ಇರಬೇಕು. ನಾನು ಹೊಸದಾಗಿ ಹೋದಾಗ ಪುಸ್ತಕ ಚಹಾದ ಜೊತೆ ಬರುತ್ತಿತ್ತು. ಕೊನೆಯ ವಿಷಯದ ಕೆಳಗೆ ಜಾಗ ಖಾಲಿ, ಅದರ ಕೆಳಗೆ ಸದಸ್ಯರ ಸಹಿಗಳು. ಯಾಕೆ ಖಾಲಿ ಅಂತ ಕೇಳಿದರೆ, "ಆಮೇಲೆ ಬರ್ಕೋತೀವಿ ಮೇಡಂ, ನೀವು ಸಹಿ ಮಾಡಿ" ಅಂದರು. ಪಕ್ಕದ ಸದಸ್ಯರು ಬಿಸ್ಕೆಟ್ ಅದ್ದುತ್ತಾ, "ಮಾಡಮ್ಮ, ಎಲ್ಲರೂ ಮಾಡಿದಾರಲ್ಲ" ಅಂದರು. ಮಾಡಿದೆ. ಆಮೇಲೆ ಒಂದು ದಿನ ಹಳೆ ಹಾಳೆ ತಿರುವಿದಾಗ ಆ ಖಾಲಿ ಜಾಗದಲ್ಲಿ ಒಂದು ನಿರ್ಣಯ ಕೂತಿತ್ತು. ಕೊಳವೆಬಾವಿಯ ಮೋಟಾರ್ ರಿವೈಂಡಿಂಗ್ ಬಿಲ್ಲಿಗೆ ಸಭೆ ಸರ್ವಾನುಮತದಿಂದ ಒಪ್ಪಿದೆಯಂತೆ. ಆ ಮೋಟಾರಿನ ಮಾತೇ ಆ ದಿನ ಎದ್ದಿರಲಿಲ್ಲ. ಅಕ್ಷರ ಚಿಕ್ಕದು, ಸಾಲು ಒತ್ತೊತ್ತಾಗಿತ್ತು, ಕೆಳಗೆ ನನ್ನ ಸಹಿ ಇತ್ತು.

ಮುಂದಿನ ಸಭೆಯಲ್ಲಿ ಖಾಲಿ ಜಾಗಕ್ಕೆ ಮೇಲಿಂದ ಕೆಳಗೆ ಒಂದು ಓರೆ ಗೆರೆ ಎಳೆದು, ಅದರ ಕೆಳಗೆ ಸಹಿ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಯಾರೂ ಕೂಗಾಡಲಿಲ್ಲ. ಯಾರೂ ಬೆದರಿಸಲಿಲ್ಲ. ಪುಸ್ತಕ ತಂದವರು ಗೆರೆಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ ಎತ್ತಿಕೊಂಡು ಹೋದರು. ಆಮೇಲೆ ಶುರುವಾಯಿತು. ನನ್ನ ವಾರ್ಡಿನ ಕೆಲಸಗಳು ಪಟ್ಟಿಯ ಬುಡಕ್ಕೆ ಇಳಿದವು. ಬೀದಿ ದೀಪ ಕೇಳಿದರೆ "ಸ್ಟಾಕ್ ಇಲ್ಲ". ಸಭೆಯ ನೋಟಿಸು ಸಭೆಯ ಹಿಂದಿನ ಸಂಜೆ ಬರತೊಡಗಿತು. ನನ್ನ ಗಂಡನನ್ನು ಕರೆದು, "ಮನೆಯವರಿಗೆ ಸ್ವಲ್ಪ ಹೇಳಿ" ಅಂದರು. ಇಂಥದ್ದಕ್ಕೆ ನಿಮ್ಮ ಧಾರಾವಾಹಿಯಲ್ಲಿ ಗೂಂಡಾಗಳು ಬರುತ್ತಾರೆ, ನಾಯಕ ಅವರನ್ನು ಕಂಬಕ್ಕೆ ಎಸೆಯುತ್ತಾನೆ. ಸ್ಟಾಕ್ ಇಲ್ಲ ಅನ್ನುವವನನ್ನು ಯಾವ ಕಂಬಕ್ಕೆ ಎಸೆಯುವುದು ಹೇಳಿ.

ಸರಿ ಮಾಡಬೇಕಾದರೆ ಒಂದು ನಿರ್ಣಯ ಬೇಕಿತ್ತು: ನಡಾವಳಿಯನ್ನು ಅಲ್ಲೇ ಪೂರ್ತಿ ಬರೆದು, ಎಲ್ಲರೆದುರು ಓದಿ, ಆಮೇಲೆ ಸಹಿ. ಅದಕ್ಕೆ ಕೈ ಎತ್ತುವವರು ಬೇಕಿತ್ತು. ನನ್ನ ಕಡೆ ಇದ್ದವರು ಸಾಲುತ್ತಿರಲಿಲ್ಲ. ಇನ್ನೊಂದು ಊರಿನ ಸದಸ್ಯರೊಬ್ಬರಿಗೆ ಅವರ ಸಮುದಾಯ ಭವನಕ್ಕೆ ಕಾಂಪೌಂಡ್ ಬೇಕಿತ್ತು. ನನ್ನ ಲೆಕ್ಕದಲ್ಲಿ ಅದು ತುರ್ತಿನ ಕೆಲಸವಲ್ಲ. ಆದರೆ ಕೆಟ್ಟ ಕೆಲಸವೂ ಅಲ್ಲ. ನಾನು ಅವರ ಕಾಂಪೌಂಡಿಗೆ ಒಪ್ಪಿದೆ, ಅವರು ನನ್ನ ನಿರ್ಣಯಕ್ಕೆ ಕೈ ಎತ್ತಿದರು, ಜೊತೆಗೆ ಇಬ್ಬರನ್ನು ಕರೆತಂದರು. ನಿರ್ಣಯ ಆಯಿತು.

ನಿಮ್ಮ ನಾಯಕ ಇದನ್ನೇ ಮಾಡಿದರೆ ನೀವು ಏನು ಮಾಡುತ್ತೀರಿ ಗೊತ್ತಾ? ಮಳೆ ಸುರಿಸುತ್ತೀರಿ. ಗಾಂಧಿ ಫೋಟೊ ಅಲುಗಾಡುತ್ತದೆ. ತಾಯಿ ಮುಖ ತಿರುಗಿಸುತ್ತಾಳೆ. "ನೀನೂ ಅವರ ಹಾಗೆ ಆಗಿಬಿಟ್ಟೆ" ಅಂತ ಗೆಳೆಯ ಹೇಳುತ್ತಾನೆ. ಕೊಟ್ಟು ತೆಗೆದುಕೊಳ್ಳುವುದು ಅಂದರೆ ನಿಮ್ಮ ಪ್ರಕಾರ ಪತನ. ನನ್ನ ಪ್ರಕಾರ ಅದೇ ರಾಜಕಾರಣ. ಎಲ್ಲಿಯವರೆಗೆ ಕೊಡಬಹುದು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲೇ ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಗೊತ್ತಾಗುತ್ತದೆ. ಕಾಂಪೌಂಡಿಗೆ ನಾನು ಒಪ್ಪಿದೆ. ಅದರ ಬಿಲ್ಲಿನಲ್ಲಿ ಪಾಲು ತೆಗೆದುಕೋ ಅಂದಿದ್ದರೆ ಒಪ್ಪುತ್ತಿರಲಿಲ್ಲ. ಈ ಎರಡರ ನಡುವಿನ ಜಾಗದಲ್ಲಿ ಎಷ್ಟೊಂದು ಕಥೆಗಳಿವೆ. ನಿಮ್ಮ ಬರಹಗಾರರು ಅಲ್ಲಿಗೆ ಕಾಲೇ ಇಟ್ಟಿಲ್ಲ.

ಇಂಥ ಕಥೆ ಜನ ನೋಡುವುದಿಲ್ಲ, ಟಿಆರ್‌ಪಿ ಬರುವುದಿಲ್ಲ ಅಂತ ವಾಹಿನಿಯವರು ಹೇಳುತ್ತಾರೆ ಅಂತ ಕೇಳಿದ್ದೇನೆ. ನನಗೆ ನಂಬಿಕೆ ಇಲ್ಲ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ಕೋರ್ಟ್ ದೃಶ್ಯ ಇದ್ದ ದಿನ ನಮ್ಮ ಮನೆಯಲ್ಲಿ ಒಲೆ ಆರಿಸಿ ಬಂದು ಕೂರುತ್ತಿದ್ದರು. ಪಾಟೀ ಸವಾಲು ಅಂದರೆ ಏನು ಅಂತ ಶಾಲೆ ಮೆಟ್ಟಿಲು ಹತ್ತದ ಹೆಂಗಸರಿಗೂ ಗೊತ್ತಾಗಿತ್ತು. ಸಾಕ್ಷಿ ಹೇಗೆ ತಿರುಗುತ್ತಾನೆ, ಒಂದು ದಾಖಲೆ ಹೇಗೆ ಕೇಸನ್ನೇ ಬದಲಿಸುತ್ತದೆ, ಇದನ್ನೆಲ್ಲ ಜನ ಉಸಿರು ಬಿಗಿಹಿಡಿದು ನೋಡಿದರು. ಕೋರ್ಟಿನ ವಿಧಾನ ರೋಚಕವಾಗಬಹುದಾದರೆ ಸದನದ ವಿಧಾನ ಯಾಕಾಗಬಾರದು?

ಬೇರೆ ದೇಶದವರು ಮಾಡಿ ತೋರಿಸಿದ್ದಾರೆ. ಡೆನ್ಮಾರ್ಕಿನಲ್ಲಿ 2010ರಲ್ಲಿ 'ಬೋರ್ಗನ್' ಅನ್ನುವ ಧಾರಾವಾಹಿ ಶುರುವಾಯಿತು. ಹೆಣ್ಣುಮಗಳೊಬ್ಬಳು ಪ್ರಧಾನಿಯಾಗುವ ಕಥೆ. ಅಲ್ಲಿನ ಸಂಸತ್ತಿನಲ್ಲಿ 179 ಸ್ಥಾನ, ಬಹುಮತಕ್ಕೆ 90 ಬೇಕು. ಒಂದು ಇಡೀ ಕಂತು ಆ 90 ಹೊಂದಿಸುವುದರಲ್ಲೇ ಹೋಗುತ್ತದೆ. ಯಾರಿಗೆ ಯಾವ ಖಾತೆ, ಯಾರ ಯಾವ ಬೇಡಿಕೆ ಬಿಡಬೇಕು, ಯಾವುದನ್ನು ಬಿಡಲೇಬಾರದು. ಒಂದು ಏಟು ಬೀಳುವುದಿಲ್ಲ, ಆದರೂ ಎದ್ದು ಹೋಗಲು ಆಗುವುದಿಲ್ಲ. ನಮ್ಮಲ್ಲಿ 224ರಲ್ಲಿ 113 ಅನ್ನುವ ಲೆಕ್ಕ ಪಾನ್ ಅಂಗಡಿಯವನಿಗೂ ಬಾಯಿಪಾಠ. ರೆಸಾರ್ಟು, ರಾಜೀನಾಮೆ, ವಿಶ್ವಾಸಮತ, ಅನರ್ಹತೆ, ಉಪಚುನಾವಣೆ ಎಲ್ಲವನ್ನೂ 2019ರಲ್ಲಿ ರಾಜ್ಯ ದಿನವಿಡೀ ನ್ಯೂಸ್ ಚಾನೆಲ್‌ಗಳಲ್ಲಿ ನೋಡಿತು. ಇಷ್ಟು ತಯಾರಾದ ಪ್ರೇಕ್ಷಕರು ಬೇರೆ ಎಲ್ಲಿ ಸಿಗುತ್ತಾರೆ ನಿಮಗೆ?

ಇನ್ನೊಂದು ಉದಾಹರಣೆ ಉಕ್ರೇನಿನದು. 2015ರಲ್ಲಿ ಅಲ್ಲಿ 'ಜನಸೇವಕ' ಅನ್ನುವ ಅರ್ಥದ ಹೆಸರಿನ ಹಾಸ್ಯ ಧಾರಾವಾಹಿ ಬಂತು. ಇತಿಹಾಸದ ಮೇಷ್ಟ್ರೊಬ್ಬ ಭ್ರಷ್ಟಾಚಾರದ ಬಗ್ಗೆ ಸಿಟ್ಟಿನಿಂದ ಮಾತಾಡುತ್ತಾನೆ, ಶಿಷ್ಯನೊಬ್ಬ ಅದನ್ನು ವಿಡಿಯೊ ಮಾಡುತ್ತಾನೆ, ಅದು ಹಬ್ಬಿ ಮೇಷ್ಟ್ರು ಅಧ್ಯಕ್ಷನೇ ಆಗಿಬಿಡುತ್ತಾನೆ. ಮೇಷ್ಟ್ರ ಪಾತ್ರ ಮಾಡಿದ ನಟ ವೊಲೊಡಿಮಿರ್ ಝೆಲೆನ್‌ಸ್ಕಿ. 2019ರ ಏಪ್ರಿಲ್‌ನಲ್ಲಿ ಅವರು ಶೇಕಡ 73ರಷ್ಟು ಮತ ಪಡೆದು ನಿಜವಾದ ಅಧ್ಯಕ್ಷರಾದರು. ಅವರ ಪಕ್ಷಕ್ಕೂ ಧಾರಾವಾಹಿಯದೇ ಹೆಸರು. ಆ ಆಯ್ಕೆ ಸರಿಯೋ ತಪ್ಪೋ ಅದು ಆ ಜನರ ವಿಷಯ. ನಾನು ಹೇಳುವುದು ಇಷ್ಟೇ: ಧಾರಾವಾಹಿಯ ನಾಯಕನನ್ನು ನೋಡಿ ಜನ ತಮಗೆ ಎಂಥ ನಾಯಕ ಬೇಕು ಅಂತ ನಿರ್ಧರಿಸುತ್ತಾರೆ. ಹಾಗಿರುವಾಗ "ಕಥೆ ತಾನೇ" ಅನ್ನುವ ಮಾತು ನಿಮ್ಮ ಬಾಯಲ್ಲಿ ಬರಬಾರದು.

ಆದರ್ಶ ರಾಜಕಾರಣಿಯನ್ನು ಹುಡುಕಲು ನೀವು ಕಲ್ಪನೆಯ ಮೊರೆ ಹೋಗಬೇಕಾಗಿಯೂ ಇಲ್ಲ. ನಮ್ಮ ರಾಜ್ಯದಲ್ಲೇ ಇದ್ದರು. ಅಬ್ದುಲ್ ನಜೀರ್ ಸಾಬ್ ಅವರನ್ನು ಜನ 'ನೀರ್ ಸಾಬ್' ಅಂತ ಕರೆದದ್ದು ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊಟ್ಟಿದ್ದಕ್ಕೆ. ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾಗಿದ್ದುಕೊಂಡು ಮಂತ್ರಿ, ಶಾಸಕರ ಕೈಯಲ್ಲಿದ್ದ ಅಧಿಕಾರವನ್ನೇ ಕೆಳಗಿಳಿಸಿ ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯಿತಿಗೆ ಕೊಡುವ 1983ರ ಕಾನೂನು ತಂದರು. ರಾಷ್ಟ್ರಪತಿಗಳ ಅಂಕಿತ ಬೀಳುವಷ್ಟರಲ್ಲಿ 1985 ಬಂತು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಹೆಂಗಸರಿಗೆ ಶೇಕಡ 25 ಮೀಸಲಾತಿ, ಅದೂ ದೇಶದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕಿಂತ ಎಷ್ಟೋ ಮೊದಲು. 1988ರಲ್ಲಿ ಅವರು ತೀರಿಕೊಂಡರು. ತನ್ನ ಕೈಯಲ್ಲಿರುವ ಅಧಿಕಾರ ಬಿಟ್ಟುಕೊಡಲು ತನ್ನವರನ್ನೇ ಒಪ್ಪಿಸಬೇಕಾದ ಮಂತ್ರಿ! ಸ್ವಂತ ಪಕ್ಷದ ಶಾಸಕರು ಇಂಥವನನ್ನು ಹೇಗೆ ನೋಡುತ್ತಾರೆ ಅಂತ ಊಹಿಸಿ ಬರೆಯಲು ಕೂತರೆ ನಿಮಗೆ ಹಾಳೆ ಸಾಲುವುದಿಲ್ಲ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ತೆಗೆದುಕೊಳ್ಳಿ. 1951ರ ಕಾಗೋಡು ಸತ್ಯಾಗ್ರಹ, ಮರುವರ್ಷವೇ ಶಾಸನಸಭೆ. ಕಾಗೋಡಿನ ಜಗಳದ ಬೇರು ಎಲ್ಲಿತ್ತು? ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಲ್ಲಿ. ಒಡೆಯರ ಕೊಳಗ ದೊಡ್ಡದು ಅಂತ ಗೇಣಿದಾರರು ತಕರಾರು ತೆಗೆದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾಗುವಷ್ಟು ದೊಡ್ಡ ಹೋರಾಟ ಅದರಿಂದ ಬೆಳೆಯಿತು. ಆ ಸರಣಿಯ ಕೊನೆಗೆ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿ, ಊರೂರಿನ ಗೇಣಿದಾರರು ಅರ್ಜಿ ಹಿಡಿದು ನಿಂತ ಭೂ ನ್ಯಾಯಮಂಡಳಿ. ಅರಸು ಸಾಧು ಮನುಷ್ಯರೇನೂ ಅಲ್ಲ, ಲೆಕ್ಕ ಹಾಕಿ ದಾಳ ಹಾಕುವ ರಾಜಕಾರಣಿ. ಹಾಗಿದ್ದೇ ಉಳುವವನಿಗೆ ಭೂಮಿ ಸಿಕ್ಕಿತು. ನಿಮ್ಮ ಕಥೆಗಳಲ್ಲಿ ಚಾಣಾಕ್ಷನಾದವನು ಖಳ, ಒಳ್ಳೆಯವನಾದವನು ಪೆದ್ದ. ಎರಡೂ ಒಬ್ಬನಲ್ಲೇ ಇರುವ ಪಾತ್ರ ಬರೆಯಲು ಏನು ಕಷ್ಟ?

ದುಡ್ಡಿನ ವಿಷಯ. ನಿಮ್ಮ ನಾಯಕ ಚುನಾವಣೆ ಗೆದ್ದ ಖರ್ಚು ಎಲ್ಲಿಂದ ಬಂತು? ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ ನಮ್ಮ ರಾಜ್ಯದಲ್ಲಿ 2022ರಿಂದ 40 ಲಕ್ಷ ರೂಪಾಯಿ. ನಿಜವಾದ ಖರ್ಚು ಎಷ್ಟು ಅಂತ ಊರಿನಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ. ಪ್ರಾಮಾಣಿಕನೊಬ್ಬ ಚುನಾವಣೆಗೆ ನಿಂತಾಗ ಮೊದಲ ಧರ್ಮಸಂಕಟ ಪೆಟ್ರೋಲ್ ಬಂಕಿನಲ್ಲೇ ಶುರುವಾಗುತ್ತದೆ. ಯಾರೋ ಗುತ್ತಿಗೆದಾರ "ಎರಡು ಗಾಡಿ ನನ್ನ ಕಡೆಯಿಂದ ಇರಲಿ ಅಣ್ಣ" ಅನ್ನುತ್ತಾನೆ. ಬೇಡ ಅಂದರೆ ಪ್ರಚಾರ ನಿಲ್ಲುತ್ತದೆ. ಹೂಂ ಅಂದರೆ ಗೆದ್ದ ಮೇಲೆ ಅವನು ಬರುತ್ತಾನೆ. ಗೋಪಾಲಗೌಡರು ಮತದ ಜೊತೆಗೆ ನೋಟನ್ನೂ ಜನರಿಂದಲೇ ಕೇಳಿ ಪಡೆದವರು. ಈಗ ಹಾಗೆ ಕೇಳಿದರೆ ಏನಾಗುತ್ತದೆ, ತೋರಿಸಿ ನೋಡೋಣ. ನಿಮ್ಮಲ್ಲಿ ಚುನಾವಣೆ ಅಂದರೆ ಒಂದು ಭಾಷಣ, ಒಂದು ಹಾಡು, ಬಣ್ಣದ ಪುಡಿ.

ಜಾತಿಯ ಬಗ್ಗೆಯೂ ಒಂದು ಮಾತು. ನಿಮ್ಮ ನಾಯಕನಿಗೆ ಜಾತಿಯೇ ಇಲ್ಲ. ಅವನ ಕ್ಷೇತ್ರಕ್ಕೂ ಇಲ್ಲ. ಟಿಕೆಟ್ ಕೊಡುವಾಗ ಯಾರೂ ಅದನ್ನು ಕೇಳುವುದಿಲ್ಲ. ಇಷ್ಟೊಂದು ಸುಖವಾದ ಕ್ಷೇತ್ರ ಎಲ್ಲಿದೆ ಅಂತ ತಿಳಿಸಿದರೆ ನಮ್ಮವರು ಎಷ್ಟೋ ಜನ ಅಲ್ಲಿಗೇ ಗುಳೆ ಹೋಗುತ್ತಾರೆ.

ಈಗ ನನಗೆ ಹೆಚ್ಚು ನೋವಾದ ವಿಷಯ. ರಾಜಕಾರಣದ ನಿಮ್ಮ ಕಥೆಗಳಲ್ಲಿ ಹೆಂಗಸರು ಆರತಿ ಹಿಡಿದು ನಿಂತಿರುತ್ತಾರೆ. ಇಲ್ಲವೇ ಗಂಡ ಸತ್ತ ಮೇಲೆ ಅವನ ಜಾಗಕ್ಕೆ ಬರುತ್ತಾರೆ. ಇಲ್ಲವೇ ಸೊಸೆಯ ಮೇಲೆ ಹಗೆ ಸಾಧಿಸುವ ಮಂತ್ರಿಣಿ. ಕರ್ನಾಟಕದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. 90 ಸಾವಿರಕ್ಕೂ ಹೆಚ್ಚು ಸದಸ್ಯ ಸ್ಥಾನಗಳಿವೆ. 2010ರ ತಿದ್ದುಪಡಿಯ ನಂತರ ಅದರಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಸಂಜೆ ನಿಮ್ಮ ಧಾರಾವಾಹಿ ಹಾಕಿಕೊಂಡು ಕೂರುವ ಮನೆಗಳಲ್ಲಿ ಇವರ ಮನೆಗಳೂ ಇವೆ. ತಮ್ಮನ್ನು ಹೋಲುವ ಒಬ್ಬಳನ್ನೂ ಇವರು ತೆರೆಯ ಮೇಲೆ ಕಾಣರು.

ನಿಜ, ಎಷ್ಟೋ ಕಡೆ ಹೆಂಡತಿ ಗೆದ್ದಿರುತ್ತಾಳೆ, ಗಂಡ ಕುರ್ಚಿಯಲ್ಲಿ ಕೂತಿರುತ್ತಾನೆ. ಜನರೂ ಅವನನ್ನೇ "ಅಧ್ಯಕ್ಷರೇ" ಅನ್ನುತ್ತಾರೆ. ಆದರೆ ಆ ಕುರ್ಚಿಯಿಂದ ಗಂಡನನ್ನು ಎಬ್ಬಿಸಿ ಹೆಂಡತಿ ಕೂತ ದಿನವೂ ಎಷ್ಟೋ ಕಡೆ ಬಂದಿದೆ. ನಾನು ಕಂಡ ಒಬ್ಬಳು ಮೊದಲ ವರ್ಷ ಸೆರಗು ಎಳೆದುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಸಹಿ ಮಾಡುವಾಗ ಗಂಡನ ಮುಖ ನೋಡುತ್ತಿದ್ದಳು. ಎರಡನೇ ವರ್ಷ 15ನೇ ಹಣಕಾಸು ಆಯೋಗದ ಅನುದಾನದ ಹಾಳೆ ಕೈಗೆ ತೆಗೆದುಕೊಂಡು, "ಇದರಲ್ಲಿ ಶೇಕಡ 60 ನೀರಿಗೆ, ನೈರ್ಮಲ್ಯಕ್ಕೆ ಅಂತ ಕಟ್ಟಿಟ್ಟಿದ್ದು. ಅದರಿಂದ ರಸ್ತೆಗೆ ಹೇಗೆ ತೆಗೆದಿರಿ?" ಅಂತ ಕೇಳಿದಳು. ದನಿ ಎತ್ತಲೇ ಇಲ್ಲ. ಉತ್ತರ ಕೊಡಬೇಕಾದವರು ನೀರು ಕುಡಿದರು. ಆ ಮೊದಲ ವರ್ಷಕ್ಕೂ ಎರಡನೇ ವರ್ಷಕ್ಕೂ ನಡುವೆ ಅವಳ ಮನೆಯಲ್ಲಿ ಏನೇನು ನಡೆಯಿತು ಅಂತ ನಾನು ಕೇಳಿಲ್ಲ. ನೀವು ಬರೆಯಬಹುದು. ಅತ್ತೆ, ನಾದಿನಿ, ಒಲೆ, ಜಗಳ, ನಿಮಗೆ ಬೇಕಾದ್ದೆಲ್ಲ ಅದರಲ್ಲಿ ಇದೆ.

ನನ್ನ ಬೇಡಿಕೆಗಳು ಹೆಚ್ಚೇನಿಲ್ಲ.

ಪೊಲೀಸ್ ದೃಶ್ಯಕ್ಕೆ, ಆಪರೇಷನ್ ದೃಶ್ಯಕ್ಕೆ ನೀವು ಬಲ್ಲವರನ್ನು ಕೇಳಿಕೊಳ್ಳುತ್ತೀರಿ ಅಲ್ವಾ? ರಾಜಕಾರಣದ ಕಥೆಗೂ ಒಬ್ಬರನ್ನು ಕೇಳಿ. ನಿವೃತ್ತ ಪಿಡಿಒ ಆಗಲಿ, ಸಚಿವಾಲಯದಲ್ಲಿ ಕೆಲಸ ಮಾಡಿದವರಾಗಲಿ, ಸದನದ ವರದಿ ಮಾಡಿದ ಪತ್ರಕರ್ತರಾಗಲಿ. ನಿಮ್ಮ ಶಾಸಕನನ್ನು ವಾರಕ್ಕೊಮ್ಮೆಯಾದರೂ ಸದನದೊಳಗೆ ಕಳಿಸಿ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ ರಾಜ್ಯದಲ್ಲಿ 2005ರ ಕಾನೂನೇ ಇದೆ. ಅಷ್ಟು ದಿನ ನಡೆಯುವುದು ಅಪರೂಪ. ಅದನ್ನೇ ನಿಮ್ಮ ನಾಯಕ ಕೇಳಲಿ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿ, ಮಂತ್ರಿಯ ಬಾಯಿಂದ ಉತ್ತರ ಬರಿಸಿ, ಆ ಉತ್ತರದ ಸುಳ್ಳನ್ನು ಉಪಪ್ರಶ್ನೆಯಲ್ಲಿ ಹಿಡಿಯಲಿ. ಪಾಟೀ ಸವಾಲಿಗಿಂತ ಏನು ಕಡಿಮೆ?

ಅವನನ್ನು ಸೋಲಿಸಿ. ಒಂದು ಒಳ್ಳೆಯ ಮಸೂದೆ ಎರಡು ಮತದಿಂದ ಬಿದ್ದುಹೋಗಲಿ, ಯಾರ ಮೋಸವೂ ಇಲ್ಲದೆ, ಸುಮ್ಮನೆ ಜನ ಒಪ್ಪದೆ. ಆಮೇಲೆ ಅವನು ಯಾರ ಮನೆಗೆ ಹೋಗುತ್ತಾನೆ, ಏನು ಬಿಡುತ್ತಾನೆ, ಏನು ಉಳಿಸಿಕೊಳ್ಳುತ್ತಾನೆ ತೋರಿಸಿ.

ಕಪಾಳಮೋಕ್ಷ ನಿಲ್ಲಿಸಿ. ಇದನ್ನು ಮಾತ್ರ ಬೇಡಿಕೆ ಅಂತ ಅಲ್ಲ, ಒತ್ತಾಯ ಅಂತ ಹೇಳುತ್ತಿದ್ದೇನೆ. ಸಿಗರೇಟು ಹಚ್ಚಿದರೆ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಹಾಕುತ್ತೀರಿ. ನರ್ಸಮ್ಮನಿಗೆ ಎಲ್ಲರೆದುರು ಬೈಯುವ ದೃಶ್ಯಕ್ಕೆ ಏನೂ ಇಲ್ಲ. ಎಚ್ಚರಿಕೆ ಬೇಡ, ಆ ದೃಶ್ಯ ಕೊನೆಗೆ ಯಾರ ಮೇಜಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಲಿ. ಬೈಸಿಕೊಂಡ ನರ್ಸಮ್ಮ ತಿರುಗಿ, "ಸಾರ್, ಈ ಆಸ್ಪತ್ರೆಗೆ ಮಂಜೂರಾದ ಹುದ್ದೆ ಎಷ್ಟು, ಇರುವವರು ಎಷ್ಟು ಅಂತ ನೀವು ಯಾವತ್ತಾದರೂ ಕೇಳಿದ್ದೀರಾ?" ಅಂತ ಕೇಳಲಿ. ನಿಮ್ಮ ನಾಯಕ ನಿಜಕ್ಕೂ ಒಳ್ಳೆಯವನಾಗಿದ್ದರೆ ಅವನಿಗೆ ಅಲ್ಲಿ ಮಾತು ನಿಲ್ಲುತ್ತದೆ, ಕಡತ ತರಿಸುತ್ತಾನೆ.

ಕೊನೆಯದಾಗಿ, ಒಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷೆಯನ್ನು ನಾಯಕಿ ಮಾಡಿ. ಅವಳು ಮುಖ್ಯಮಂತ್ರಿ ಆಗುವುದು ಬೇಡ. ಎರಡನೇ ಸಲ ಗೆದ್ದರೆ ಸಾಕು. ಅದೇ ಎಷ್ಟು ಕಷ್ಟ ಅಂತ ನನಗೆ ಗೊತ್ತು, ನಾನು ಗೆಲ್ಲಲಿಲ್ಲ.

ಗ್ರಾಮ ಸಭೆ ಎಲ್ಲರೆದುರು ನಡೆಯುತ್ತದೆ. ನಿಮ್ಮ ಬರಹಗಾರರನ್ನು ಯಾವುದಾದರೂ ಊರಿನ ಸಭೆಗೆ ಕಳಿಸಿ, ಹಿಂದಿನ ಸಾಲಿನಲ್ಲಿ ಕೂರಲಿ. ಕ್ಯಾಮೆರಾ ಮಾತ್ರ ತರಬೇಡಿ. ಅದು ಕಂಡರೆ ನಮ್ಮವರೂ ಕೂಗಾಡಲು ಶುರು ಮಾಡುತ್ತಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ